ಹಿಂದಿನ ಡ್ರಮ್ ಬಿಚ್ಚುವ ಮುಂಚೆ

(ದಾವಣಗೆರೆಯಲ್ಲಿ ಹಳೇ ಲಾರಿ, ಪಿಕಪ್ ಇಟ್ಟುಕೊಂಡವರು ಮತ್ತು ಗ್ಯಾರೇಜ್ ಕೆಲಸದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹಳೇ ಲಾರಿಯ ಹಿಂದಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕುವುದು ಇವತ್ತಿನ ವಿಷಯ. ಡ್ರಮ್ ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿ, ಒಳಗಿನ ಶೂಗಳು ಹೊರಕ್ಕೆ ಒತ್ತಿ ಅದನ್ನು ಹಿಡಿಯುತ್ತವೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಕ್ಯಾಲಿಪರ್ ಅನ್ನೋ ಹಿಡಿಕೆಯೊಳಗಿನ ಪ್ಯಾಡ್‌ಗಳು ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ. ನನಗೆ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಚಕ್ರಕ್ಕೆ ಡಿಸ್ಕ್ ಹಾಕುವ ಕೆಲಸ ಶುರುವಾಗುವುದು ಪೆಡಲ್‌ನಿಂದ. ಪೆಡಲ್, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್, ಪೈಪು, ಮುಂದಿನ ಬ್ರೇಕು, ಹ್ಯಾಂಡ್‌ಬ್ರೇಕು ಇಷ್ಟನ್ನೂ ನೋಡದೆ ಹಿಂದಿನ ಡ್ರಮ್ ಮಾತ್ರ ಬಿಚ್ಚಿದರೆ, ಇದ್ದ ಬ್ರೇಕಿಗಿಂತ ಕೆಟ್ಟ ಬ್ರೇಕ್ ಮಾಡಿಕೊಳ್ಳುತ್ತೀರಿ. ನೋಡೋಕೆ ಚೆನ್ನಾಗಿರುತ್ತದೆ, ಖರ್ಚೂ ಆಗಿರುತ್ತದೆ, ಆದರೆ ಮಳೆ ಬಂದ ದಿನ ಗಾಡಿ ಅಡ್ಡ ತಿರುಗುತ್ತದೆ.

ಯಾವ ಗಾಡಿಗಳ ಮಾತು ಅನ್ನೋದೂ ಸ್ಪಷ್ಟ ಇರಲಿ. ಗಾಳಿ ಬ್ರೇಕ್ ಇರುವ ದೊಡ್ಡ ಲಾರಿಗಳನ್ನು ಇವತ್ತು ಮುಟ್ಟುವುದಿಲ್ಲ. ಬ್ರೇಕ್ ಆಯಿಲ್ ಮೇಲೆ ಕೆಲಸ ಮಾಡುವ ಹಳೇ ಸಣ್ಣ ಲಾರಿ, ಪಿಕಪ್‌ಗಳಿವೆಯಲ್ಲ, ಶೆವರ್ಲೆ, ಡಾಡ್ಜ್, ಫಾರ್ಗೋ, ವಿಲ್ಲಿಸ್, ಆ ಸಾಲಿನವು, ಅವುಗಳ ಬಗ್ಗೆ ಮಾತ್ರ.

ಆ ಗಾಡಿಗಳು ಹೊಸದಾಗಿದ್ದ ಕಾಲಕ್ಕೆ ನಮ್ಮ ಪಿ.ಬಿ. ರಸ್ತೆಯೇ ಪುಣೆ–ಬೆಂಗಳೂರು ಹೆದ್ದಾರಿ. ಊರ ನಡುವೆಯೇ ಹೋಗುತ್ತಿತ್ತು. ಎತ್ತಿನ ಗಾಡಿ, ಸೈಕಲ್ಲು, ಹತ್ತಿ ಅಂಡಿಗೆ ತುಂಬಿದ ಲಾರಿ, ಎಲ್ಲ ಒಂದೇ ದಾರಿಯಲ್ಲಿ. ಆ ವೇಗಕ್ಕೆ ಡ್ರಮ್ ಸಾಕಾಗುತ್ತಿತ್ತು. ಈಗ ಊರ ಹೊರಗಿನ 48ನೇ ರಾಷ್ಟ್ರೀಯ ಹೆದ್ದಾರಿಗೆ ಅದೇ ಗಾಡಿ ಇಳಿಸುತ್ತೀರಿ. ಮುಂದಿರುವ ಕಾರಿಗೆ ಡಿಸ್ಕ್ ಇದೆ, ಚಕ್ರ ತಿರುಗುವುದು ನಿಂತು ಜಾರದಂತೆ ನೋಡಿಕೊಳ್ಳುವ ಎಬಿಎಸ್ ಇದೆ. ಅದು ಗಕ್ಕನೆ ನಿಂತರೆ ನಿಮ್ಮ ಗಾಡಿಯೂ ಅಷ್ಟೇ ಜಾಗದಲ್ಲಿ ನಿಲ್ಲಬೇಕು. ಹಾಗಾಗಿ ಡಿಸ್ಕ್ ಹಾಕಬೇಕು ಅನ್ನೋ ಆಸೆಯನ್ನು ನಾನು ಶೋಕಿ ಅಂತ ತಳ್ಳಿಹಾಕುವುದಿಲ್ಲ. ಆಸೆ ಸರಿಯಾದದ್ದೇ.

ಬ್ರೇಕ್ ಮಾಡುವ ಕೆಲಸ ಏನು? ಓಟವನ್ನು ಬಿಸಿಯಾಗಿ ಬದಲಾಯಿಸುವುದು, ಅಷ್ಟೇ. ಸರಕು ಸೇರಿ 3,000 ಕೆ.ಜಿ. ತೂಗುವ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದನ್ನು ನಿಲ್ಲಿಸಲು ಸುಮಾರು 4.17 ಲಕ್ಷ ಜೂಲ್ ಶಕ್ತಿಯನ್ನು ಬಿಸಿ ಮಾಡಿ ಹೊರಗೆ ಹಾಕಬೇಕು. ಒಂದು ಲೀಟರ್ ತಣ್ಣೀರನ್ನು ಕುದಿಸಿ ಇನ್ನೂ ಮಿಗುವಷ್ಟು ಬಿಸಿ ಅದು. ವೇಗ 80 ಆದರೆ 7.4 ಲಕ್ಷ ಜೂಲ್. ವೇಗ ಮೂರನೇ ಒಂದು ಪಾಲು ಏರಿತು, ಬಿಸಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಏರಿತು. ಇನ್ನು ಘಾಟಿಯ ಲೆಕ್ಕ ನೋಡಿ. ಶಿವಮೊಗ್ಗ ದಾಟಿ ಹುಲಿಕಲ್ ಕಡೆ ಇಳಿಯುತ್ತಿದ್ದೀರಿ ಅನ್ನಿ. ಅದೇ ಗಾಡಿ 300 ಮೀಟರ್ ಎತ್ತರ ಇಳಿದರೆ ಸುಮಾರು 88 ಲಕ್ಷ ಜೂಲ್. ಗೇರ್‌ನಲ್ಲಿ ಹಿಡಿಯದೆ ಬರೀ ಬ್ರೇಕ್ ಒತ್ತಿಕೊಂಡು ಇಳಿದರೆ, 60ರಿಂದ 21 ಸಲ ನಿಲ್ಲಿಸಿದಷ್ಟು ಬಿಸಿ ಸ್ವಲ್ಪ ಹೊತ್ತಿನಲ್ಲೇ ಬ್ರೇಕಿಗೆ ಬೀಳುತ್ತದೆ. ಡಿಸ್ಕ್ ಹಾಕಿದ ಮೇಲೂ ಈ ಲೆಕ್ಕ ಬದಲಾಗುವುದಿಲ್ಲ. ಇಳಿಜಾರಿನಲ್ಲಿ ಗೇರ್ ಇಳಿಸಿಯೇ ಬರಬೇಕು.

ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ. ಹಿಗ್ಗಿದಾಗ ಶೂನಿಂದ ದೂರ ಹೋಗುತ್ತದೆ. ಪೆಡಲ್ ಕೆಳಕ್ಕೆ ಹೋಗುತ್ತದೆ. ಶೂ ಮೇಲಿನ ಲೈನಿಂಗ್ ಪಟ್ಟಿ ಕೂಡ ಕಾದು ಹಿಡಿತ ಬಿಡುತ್ತದೆ. "ಬ್ರೇಕ್ ಹಿಡೀತಿಲ್ರೀ" ಅಂತ ಡ್ರೈವರ್ ಹೇಳುವುದು ಇದನ್ನೇ. ಡಿಸ್ಕ್ ಗಾಳಿಗೆ ತೆರೆದಿರುತ್ತದೆ, ಬೇಗ ಆರುತ್ತದೆ. ಬಿಸಿಗೆ ದಪ್ಪ ಆದರೂ ಪ್ಯಾಡ್ ಕಡೆಗೇ ದಪ್ಪ ಆಗುತ್ತದೆ. ಭದ್ರಾ ನಾಲೆ ಬಯಲಲ್ಲಿ ಗದ್ದೆ ದಾರಿಗೆ ಗಾಡಿ ಇಳಿಸುವವರಿಗೆ ಇನ್ನೊಂದು ಕಷ್ಟ ಗೊತ್ತಿದೆ. ಡ್ರಮ್ ಒಳಗೆ ಕೆಸರು ನೀರು ಹೊಕ್ಕರೆ ಅದು ಅಲ್ಲೇ ಉಳಿಯುತ್ತದೆ. ಡಿಸ್ಕ್ ಆದರೆ ಎರಡು ಸುತ್ತಿಗೆ ಒರೆಸಿಕೊಳ್ಳುತ್ತದೆ. ಅದೇ ಹೊಳಲ್ಕೆರೆ, ಹೊಸದುರ್ಗ ಕಡೆ ಅದಿರಿನ ಧೂಳಿನಲ್ಲಿ ಓಡುವ ಗಾಡಿಗೆ ಡಿಸ್ಕ್‌ನ ಈ ತೆರೆದ ಗುಣವೇ ತೊಂದರೆ. ಧೂಳು ನೇರ ಪ್ಯಾಡಿಗೆ ಸಿಗುತ್ತದೆ, ಪ್ಯಾಡ್ ಬೇಗ ಸವೆಯುತ್ತದೆ. ಒಳ್ಳೆಯದು ಕೆಟ್ಟದ್ದು ಎರಡೂ ಇದೆ.

ಡ್ರಮ್, ಡಿಸ್ಕ್ ಎರಡೂ ಹಳೆಯವೇ. ಲ್ಯಾಂಚೆಸ್ಟರ್ ಇಂಗ್ಲೆಂಡಿನಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. 1953ರಲ್ಲಿ ಲೆ ಮಾನ್ಸ್‌ನ 24 ಗಂಟೆಯ ರೇಸನ್ನು ಡಿಸ್ಕ್ ಹಾಕಿದ ಜಾಗ್ವಾರ್ ಗೆದ್ದ ಮೇಲೆ ಜನರಿಗೆ ನಂಬಿಕೆ ಬಂತು. ಅಷ್ಟು ವರ್ಷ ಡ್ರಮ್ ಗಟ್ಟಿಯಾಗಿ ನಿಂತಿದ್ದಕ್ಕೆ ಒಂದು ಕಾರಣ ಇದೆ. ಈ ಕಾರಣ ತಿಳಿಯದೆ ಡಿಸ್ಕ್ ಹಾಕಬಾರದು.

ಡ್ರಮ್ ತನಗೆ ತಾನೇ ಸಹಾಯ ಮಾಡಿಕೊಳ್ಳುತ್ತದೆ. ಚಕ್ರ ತಿರುಗುವ ದಿಕ್ಕಿಗೆ ಇರುವ ಶೂ ಡ್ರಮ್‌ಗೆ ತಾಗಿದ ಕೂಡಲೇ, ತಿರುಗುವ ಡ್ರಮ್ಮೇ ಆ ಶೂವನ್ನು ಇನ್ನಷ್ಟು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನೀವು ಒತ್ತಿದ್ದು ಒಂದು ಪಾಲು, ಹಿಡಿದದ್ದು ಹಲವು ಪಾಲು. ಡಿಸ್ಕಿಗೆ ಈ ಗುಣ ಇಲ್ಲ. ಎಷ್ಟು ಒತ್ತುತ್ತೀರೋ ಅಷ್ಟೇ. ಅದಕ್ಕೇ ಕ್ಯಾಲಿಪರ್‌ನಲ್ಲಿ ದೊಡ್ಡ ಪಿಸ್ಟನ್ ಇಡುತ್ತಾರೆ. ಡ್ರಮ್ ಒಳಗೆ ಶೂ ತಳ್ಳುವ ಒಂದು ಇಂಚಿನ ವೀಲ್ ಸಿಲಿಂಡರ್ ಪಿಸ್ಟನ್ನಿನ ಮುಖ ಸುಮಾರು 5 ಚದರ ಸೆಂ.ಮೀ. 54 ಮಿ.ಮೀ. ಕ್ಯಾಲಿಪರ್ ಪಿಸ್ಟನ್ನಿನದು ಸುಮಾರು 23. ನಾಲ್ಕೂವರೆ ಪಟ್ಟು ದೊಡ್ಡದು. ಅಷ್ಟು ಜಾಗ ತುಂಬಲು ಬ್ರೇಕ್ ಆಯಿಲ್ ಎಲ್ಲಿಂದ ಬರಬೇಕು? ಮಾಸ್ಟರ್ ಸಿಲಿಂಡರ್‌ನಿಂದ. ಹಳೇ ಮಾಸ್ಟರ್ ಅದಕ್ಕೆ ಅಂತ ಮಾಡಿದ್ದಲ್ಲ. ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಇಲ್ಲದ ಗಾಡಿಯಾದರೆ ಕಾಲು ನೋಯುವಷ್ಟು ಒತ್ತಿದರೂ ಸಾಲುವುದಿಲ್ಲ.

ಈಗ ನಾನು ಜಾಸ್ತಿ ಒತ್ತಿ ಹೇಳಬೇಕಾದ ಮಾತು. ಮುಂದೆ ಡ್ರಮ್ ಹಾಗೇ ಇಟ್ಟು ಹಿಂದೆ ಮಾತ್ರ ಡಿಸ್ಕ್ ಹಾಕಬೇಡಿ.

ಬ್ರೇಕ್ ಒತ್ತಿದಾಗ ತೂಕ ಮುಂದಕ್ಕೆ ವಾಲುತ್ತದೆ, ಎಲ್ಲರಿಗೂ ಗೊತ್ತು. ಎಷ್ಟು ವಾಲುತ್ತದೆ ಅನ್ನೋದು ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. 2,000 ಕೆ.ಜಿ. ತೂಗುವ ಖಾಲಿ ಪಿಕಪ್ ಇದೆ ಅನ್ನಿ. ನಿಂತಾಗ ಮುಂದೆ 1,200, ಹಿಂದೆ 800. ಎರಡು ಆಕ್ಸಲ್ ನಡುವೆ 3 ಮೀಟರ್, ಭಾರದ ಕೇಂದ್ರ ನೆಲದಿಂದ 80 ಸೆಂ.ಮೀ. ಒಣ ರಸ್ತೆಯಲ್ಲಿ ಜೋರಾಗಿ, ಅಂದರೆ ಗುರುತ್ವದ ಶೇ. 60ರಷ್ಟು ಹಿಡಿತದಲ್ಲಿ ಬ್ರೇಕ್ ಹಾಕಿದರೆ 320 ಕೆ.ಜಿ. ಮುಂದಕ್ಕೆ ಹೋಗುತ್ತದೆ. ಆಗ ಮುಂದೆ 1,520, ಹಿಂದೆ 480. ಹಿಂದಿನ ಒಂದೊಂದು ಟೈರಿನ ಮೇಲೆ ಉಳಿದದ್ದು 240 ಕೆ.ಜಿ. ಅಷ್ಟು ಹಗುರಾದ ಟೈರಿಗೆ ಜೋರಾದ ಬ್ರೇಕ್ ಕೊಟ್ಟರೆ ಅದು ಲಾಕ್ ಆಗುತ್ತದೆ, ಅಂದರೆ ತಿರುಗದೆ ಉಜ್ಜಿಕೊಂಡು ಹೋಗುತ್ತದೆ. ಲಾಕ್ ಆದ ಟೈರು ಪಕ್ಕಕ್ಕೆ ಜಾರದಂತೆ ತಡೆಯಲಾರದು. ಮುಂದಿನ ಚಕ್ರ ಲಾಕ್ ಆದರೆ ಗಾಡಿ ಸ್ಟೇರಿಂಗ್ ಕೇಳದೆ ನೇರ ಹೋಗುತ್ತದೆ. ಹಿಂದಿನದು ಲಾಕ್ ಆದರೆ ಹಿಂಭಾಗ ಮುಂದೆ ಬರಲು ನೋಡುತ್ತದೆ, ಗಾಡಿ ಬುಗುರಿ ತಿರುಗುತ್ತದೆ. ಎರಡೂ ಕೆಟ್ಟದ್ದೇ. ಎರಡನೆಯದನ್ನು ಸರಿ ಮಾಡುವಷ್ಟು ಹೊತ್ತು ಯಾವ ಡ್ರೈವರಿಗೂ ಸಿಗುವುದಿಲ್ಲ.

ಇದರ ಜೊತೆ ಇನ್ನೊಂದು ಸೂಕ್ಷ್ಮ ಇದೆ. ಡ್ರಮ್ ಶೂಗಳನ್ನು ಸ್ಪ್ರಿಂಗ್ ಹಿಂದಕ್ಕೆ ಎಳೆದಿಟ್ಟಿರುತ್ತದೆ. ಆ ಸ್ಪ್ರಿಂಗ್ ಸೋತ ಮೇಲೆಯೇ ಶೂ ತಾಗುವುದು. ಡಿಸ್ಕಿಗೆ ಅಂಥ ಸ್ಪ್ರಿಂಗ್ ಇಲ್ಲ. ಪ್ಯಾಡ್ ಕೂದಲೆಳೆ ದೂರದಲ್ಲೇ ನಿಂತಿರುತ್ತದೆ. ಮುಂದೆ ಡ್ರಮ್, ಹಿಂದೆ ಡಿಸ್ಕ್ ಇದ್ದರೆ ಪೆಡಲ್ ಮುಟ್ಟಿದ ಕೂಡಲೇ ಮೊದಲು ಹಿಡಿಯುವುದು ಹಿಂದಿನದು. ಒದ್ದೆ ರಸ್ತೆಯಲ್ಲಿ ಇದೊಂದೇ ಸಾಕು.

ಹಾಗಾದರೆ ಸರಕು ತುಂಬಿದಾಗ? ಅದೇ ಗಾಡಿಗೆ ಒಂದು ಟನ್ ಮೆಕ್ಕೆಜೋಳ ಹೇರಿ ಎಪಿಎಂಸಿಗೆ ಹೊರಟಿರಿ ಅನ್ನಿ. ಈಗ ಹಿಂದೆ 1,700 ಕೆ.ಜಿ. ಆಯಿತು. ಜೋರಾಗಿ ಬ್ರೇಕ್ ಹಾಕಿದರೂ ಹಿಂದೆ 1,100ಕ್ಕಿಂತ ಜಾಸ್ತಿಯೇ ಉಳಿಯುತ್ತದೆ. ಖಾಲಿ ಇದ್ದಾಗಿನ ಎರಡು ಪಟ್ಟಿಗಿಂತ ಹೆಚ್ಚು. ಅಂದರೆ ಹಿಂದಿನ ಬ್ರೇಕ್ ಒಂದೇ ಗಾಡಿಯಲ್ಲಿ ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ಕೆಲಸ ಮಾಡಬೇಕು. ಈಗಿನ ಎಷ್ಟೋ ಪಿಕಪ್‌ಗಳ ಹಿಂದಿನ ಆಕ್ಸಲ್ ಬಳಿ ಬಗ್ಗಿ ನೋಡಿ, ಒಂದು ಕಡ್ಡಿ ಜೋಡಿಸಿದ ವಾಲ್ವ್ ಕಾಣುತ್ತದೆ. ಎಲ್‌ಎಸ್‌ಪಿವಿ ಅಂತಾರೆ. ಸರಕು ಬಿದ್ದು ಪಟ್ಟಿ ಸ್ಪ್ರಿಂಗ್ ಕುಗ್ಗಿದರೆ ಆ ಕಡ್ಡಿ ಸರಿದು ಹಿಂದಕ್ಕೆ ಒತ್ತಡ ಜಾಸ್ತಿ ಬಿಡುತ್ತದೆ. ಗಾಡಿ ಖಾಲಿಯಾದರೆ ತಡೆಯುತ್ತದೆ. ಸರಕು ಹೊರುವ ಗಾಡಿಗೆ ಹಿಂದೆ ಡಿಸ್ಕ್ ಹಾಕಿದರೆ ಈ ವಾಲ್ವ್ ಬೇಕೇ ಬೇಕು ಅನ್ನುತ್ತೇನೆ. ಕೈಯಲ್ಲಿ ತಿರುಗಿಸಿ ಒಮ್ಮೆ ಸೆಟ್ ಮಾಡುವ ವಾಲ್ವ್ ಸರಕು ಹೊರದ, ಸುಮ್ನೆ ಭಾನುವಾರ ಓಡಿಸುವ ಗಾಡಿಗೆ ಸಾಕು. ಒಂದು ನೆನಪಿಡಿ, ಈ ವಾಲ್ವ್‌ಗಳು ಹಿಂದಿನ ಒತ್ತಡವನ್ನು ಕಡಿಮೆ ಮಾಡಬಲ್ಲವೇ ಹೊರತು ಹೆಚ್ಚಿಸಲಾರವು. ಮುಂದಿನ ಬ್ರೇಕ್ ದುರ್ಬಲ ಇದ್ದರೆ ಯಾವ ವಾಲ್ವೂ ಅದನ್ನು ಸರಿ ಮಾಡುವುದಿಲ್ಲ.

ಹಾಗಾಗಿ ನಾನು ಹೇಳುವ ಕ್ರಮ ಹೀಗಿದೆ. ಕೈಯಲ್ಲಿ ದುಡ್ಡಿದ್ದರೆ ಮೊದಲು ಮಾಸ್ಟರ್ ಸಿಲಿಂಡರ್‌ಗೆ ಹಾಕಿ. ಈ ಹಳೇ ಗಾಡಿಗಳಲ್ಲಿ ಒಂದೇ ಕೋಣೆಯ ಮಾಸ್ಟರ್ ಇರುತ್ತದೆ. ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಯಿತು. ಎರಡು ಕೋಣೆಯ ಟ್ಯಾಂಡಮ್ ಮಾಸ್ಟರ್ ಹಾಕಿದರೆ ಮುಂದಿನ ಲೈನು ಬೇರೆ, ಹಿಂದಿನ ಲೈನು ಬೇರೆ. ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ನನ್ನ ಪ್ರಕಾರ ಡಿಸ್ಕಿಗಿಂತ ಜೀವ ಉಳಿಸುವ ಬದಲಾವಣೆ ಇದೇ. ಆಮೇಲೆ ಮುಂದಿನ ಡಿಸ್ಕ್, ಬೂಸ್ಟರ್. ಹಿಂದಿನದು ಕೊನೆಗೆ. ಮುಂದೆ ಡಿಸ್ಕ್, ಹಿಂದೆ ಒಳ್ಳೆ ಡ್ರಮ್ ಇರುವ ಗಾಡಿ ಎಷ್ಟೋ ಜನರಿಗೆ ಸಾಕು. ಡ್ರಮ್ಮನ್ನು ಲೇತಿಗೆ ಹಾಕಿಸಿ ಸಮ ಮಾಡಿ, ಲೈನಿಂಗ್ ಡ್ರಮ್ಮಿಗೆ ಪೂರ್ತಿ ಕೂರುವಂತೆ ಉಜ್ಜಿ, ಹೊಸ ವೀಲ್ ಸಿಲಿಂಡರ್ ಹಾಕಿ, ಅಡ್ಜಸ್ಟ್ ಮಾಡಿ ನೋಡಿ. ನಮ್ಮ ಭಾಗಕ್ಕೆ ಲೇತ್ ಕೆಲಸ ಹೊಸದಲ್ಲ. ಪಕ್ಕದ ಹರಿಹರದಲ್ಲಿ 1941ರಲ್ಲೇ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನೇ ತಯಾರಿಸುತ್ತಿತ್ತು. ಡ್ರಮ್ ಟರ್ನಿಂಗ್ ಚೆನ್ನಾಗಿ ಮಾಡುವ ಕೈಗಳು ಇಲ್ಲಿವೆ. ಡ್ರಮ್ ಮಿತಿ ಮೀರಿ ಸವೆದು ಹೊಸದು ಸಿಗದೇ ಹೋದರೆ, ದಿನಾ ನೀರು ಕೆಸರಿನ ದಾರಿ ಆದರೆ, ಆಗ ಹಿಂದಿನ ಡಿಸ್ಕಿಗೆ ಅರ್ಥ ಇದೆ.

ಸರಿ, ಹಾಕಲೇಬೇಕು ಅಂತ ತೀರ್ಮಾನ ಆಯಿತು. ಬಿಚ್ಚುವಾಗಿನ ಮೊದಲ ಮಾತು ಧೂಳಿನದು. ಹಳೇ ಲೈನಿಂಗ್‌ನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ತೆಗೆದ ಕೂಡಲೇ ಕಂಪ್ರೆಸರ್ ಗಾಳಿ ಹೊಡೆಯುವುದು ನಮ್ಮ ಗ್ಯಾರೇಜುಗಳ ರೂಢಿ. ದಯವಿಟ್ಟು ನಿಲ್ಲಿಸಿ. ಆ ಧೂಳು ಪುಪ್ಪುಸಕ್ಕೆ ಹೋದರೆ ಹತ್ತಾರು ವರ್ಷ ಬಿಟ್ಟು ಕಾಯಿಲೆಯಾಗಿ ಎದ್ದು ಬರುತ್ತದೆ. ಕ್ಯಾನ್ಸರ್ ಕೂಡ ಬರಬಹುದು. ಗಾಳಿ ಹೊಡೆಯುವುದು ಯಾವಾಗಲೂ ಚಿಕ್ಕ ಹುಡುಗನೇ, ಅಲ್ವಾ? ಅವನ ಮುಂದೆ ಇನ್ನೂ ಪೂರ್ತಿ ಜೀವನ ಇದೆ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಒಳ್ಳೆ ಮಾಸ್ಕ್ ಕೊಡಿ.

ಮುಂದೆ ಆಕ್ಸಲ್ ನೋಡಿ. ಸರಕು ಲಾರಿಗಳಲ್ಲಿ ಸಾಮಾನ್ಯವಾಗಿ ಫುಲ್ ಫ್ಲೋಟಿಂಗ್ ಆಕ್ಸಲ್ ಇರುತ್ತದೆ, ಹಬ್ ತನ್ನದೇ ಬೇರಿಂಗ್ ಮೇಲೆ ಕೂತಿರುತ್ತದೆ. ಅಲ್ಲಿ ಕೆಲಸ ಸುಲಭ. ಸಣ್ಣ ಪಿಕಪ್‌ಗಳಲ್ಲಿ ಸೆಮಿ ಫ್ಲೋಟಿಂಗ್, ಅಂದರೆ ಚಕ್ರದ ಭಾರವನ್ನು ಆಕ್ಸಲ್ ಶಾಫ್ಟೇ ಹೊರುವ ಮಾದರಿ ಇದ್ದರೆ ಎಚ್ಚರ. ಅಲ್ಲಿ ಬ್ರೇಕಿನ ಬ್ಯಾಕ್ ಪ್ಲೇಟ್ ಬರೀ ಶೂ ಹಿಡಿಯುವ ತಗಡಲ್ಲ. ಕೆಲವು ಆಕ್ಸಲ್‌ಗಳಲ್ಲಿ ಬೇರಿಂಗನ್ನು ಹಿಡಿದಿಡುವ ಸಾಲಿನಲ್ಲಿ ಅದೂ ಇರುತ್ತದೆ. ಅದರ ದಪ್ಪ ತೆಗೆದು ಬೇರೆ ದಪ್ಪದ ಬ್ರಾಕೆಟ್ ಹಾಕಿದರೆ ಬೇರಿಂಗ್ ಆಟ ಬದಲಾಗುತ್ತದೆ. ತೆಗೆದ ಪ್ಲೇಟಿನ ದಪ್ಪ ಅಳೆದು ಬರೆದಿಟ್ಟುಕೊಳ್ಳಿ, ಬ್ರಾಕೆಟ್ ಅದಕ್ಕೆ ಸರಿ ಹೊಂದಬೇಕು.

ಬ್ರಾಕೆಟ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಕಟ್ಟುನಿಟ್ಟು. ಗಾಡಿ ನಿಲ್ಲಿಸುವ ಪೂರ್ತಿ ಬಲ ಆ ತುಂಡು ಕಬ್ಬಿಣದ ಮೇಲೆ ಬೀಳುತ್ತದೆ. ಗುಜರಿಯಿಂದ ಸಿಕ್ಕಿದ ತಗಡು ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿ ಆಕ್ಸಲ್ ಹೌಸಿಂಗ್‌ಗೆ ವೆಲ್ಡ್ ಹೊಡೆಯುವುದು ಬೇಡವೇ ಬೇಡ. ವೆಲ್ಡಿನ ಬಿಸಿಗೆ ಹೌಸಿಂಗ್ ಡೊಂಕಾಗಬಹುದು. ದಪ್ಪ ಪ್ಲೇಟಿನಲ್ಲಿ ಮಿಲ್ಲಿಂಗ್ ಮಾಡಿಸಿ, ಬ್ಯಾಕ್ ಪ್ಲೇಟ್ ಇದ್ದ ಬೋಲ್ಟ್ ತೂತುಗಳಿಗೇ ಹೈ ಟೆನ್ಸೈಲ್ ಬೋಲ್ಟಿನಿಂದ ಕೂರಿಸಿ. ಡಿಸ್ಕ್ ಕ್ಯಾಲಿಪರಿನ ನಟ್ಟ ನಡುವೆ ಓಡಬೇಕು. ಡಯಲ್ ಗೇಜ್ ಇಟ್ಟು ಡಿಸ್ಕ್ ಎಷ್ಟು ಓಲಾಡುತ್ತದೆ ನೋಡಿ. 0.1 ಮಿ.ಮೀ. ದಾಟಿದರೆ ಬಿಡಬೇಡಿ, ಪೆಡಲ್ ನಡುಗುತ್ತದೆ. ರಿಮ್ ಹಾಕಿ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಕ್ಯಾಲಿಪರ್‌ಗೆ ತಾಗಬಾರದು. ಗಾಳಿ ತೆಗೆಯುವ ಬ್ಲೀಡರ್ ಸ್ಕ್ರೂ ಮೇಲ್ಗಡೆ ಬರಬೇಕು. ಎಡದ ಕ್ಯಾಲಿಪರ್ ಬಲಕ್ಕೆ ಹೋದರೆ ಅದು ಕೆಳಗೆ ಬರುತ್ತದೆ. ಆಮೇಲೆ ದಿನವಿಡೀ ಪೆಡಲ್ ಹೊಡೆದರೂ ಗಾಳಿ ಹೋಗುವುದಿಲ್ಲ.

ಪೈಪಿಗೆ ತಾಮ್ರ ಹಾಕಬೇಡಿ, ಬ್ರೇಕಿಗೆ ಅಂತಲೇ ಸಿಗುವ ಸ್ಟೀಲಿನ ಬಂಡಿ (Bundy) ಪೈಪ್ ಹಾಕಿ, ತುದಿಗೆ ಡಬಲ್ ಫ್ಲೇರ್, ಅಂದರೆ ಎರಡು ಸಲ ಮಡಿಚಿದ ಅಗಲ ಬಾಯಿ ಮಾಡಿಸಿ. ಡಾಟ್ 3 ಹೊಸ ಬ್ರೇಕ್ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಗೆ, ಡಾಟ್ 4 ಆದರೆ 230ಕ್ಕೆ. ಗಾಳಿಯ ತೇವ ಹೀರಿ ಹಳೆಯದಾದಾಗ 140 ಮತ್ತು 155ಕ್ಕೆ ಇಳಿಯಬಹುದು. ಘಾಟಿಯಲ್ಲಿ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದು ಪೆಡಲ್ ಸ್ಪಂಜಿನಂತಾಗುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಹಳೇ ಡ್ರಮ್ ಲೈನಿನಲ್ಲಿ ಸ್ವಲ್ಪ ಒತ್ತಡ ಯಾವಾಗಲೂ ಉಳಿಸುವ ಒಂದು ವಾಲ್ವ್ ಇರುತ್ತದೆ, ಸುಮಾರು 10 ಪಿಎಸ್ಐ, ಅಂದರೆ ಚದರ ಇಂಚಿಗೆ 10 ಪೌಂಡ್. ಬಹಳಷ್ಟು ಸಲ ಮಾಸ್ಟರ್ ಒಳಗೇ ಕೂತಿರುತ್ತದೆ. ಡಿಸ್ಕ್ ಹಾಕಿ ಅದನ್ನು ಅಲ್ಲೇ ಬಿಟ್ಟರೆ ಪ್ಯಾಡ್ ಸದಾ ತಾಗಿಕೊಂಡೇ ಓಡುತ್ತದೆ, ಡಿಸ್ಕ್ ಕಾದು ನೀಲಿಯಾಗುತ್ತದೆ. ತೆಗೆಯಲೇಬೇಕು. ಆದರೆ ಮಾಸ್ಟರ್ ಕ್ಯಾಬಿನ್ ನೆಲದ ಹಲಗೆಯ ಕೆಳಗೆ, ಕ್ಯಾಲಿಪರ್‌ಗಿಂತ ತಗ್ಗಿನಲ್ಲಿ ಇದ್ದರೆ ಆಯಿಲ್ ವಾಪಸ್ ಹರಿಯುತ್ತದೆ. ಆಗ 2 ಪಿಎಸ್ಐ ವಾಲ್ವ್ ಹಾಕುತ್ತಾರೆ.

ಈಗ ಹ್ಯಾಂಡ್‌ಬ್ರೇಕ್. ಈ ಕೆಲಸದಲ್ಲಿ ಜನ ಮರೆಯುವುದು ಇದನ್ನೇ. ಹಳೇ ಜೀಪು, ಕೆಲವು ಲಾರಿಗಳಲ್ಲಿ ಹ್ಯಾಂಡ್‌ಬ್ರೇಕ್ ಗೇರ್‌ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ನಿಮ್ಮದು ಅಂಥ ಗಾಡಿ ಆದರೆ ಚಿಂತೆ ಇಲ್ಲ. ಆದರೆ ಕೇಬಲ್ ಹಿಂದಿನ ಡ್ರಮ್ಮಿಗೇ ಹೋಗುತ್ತಿದ್ದರೆ, ಡ್ರಮ್ ತೆಗೆದ ದಿನ ಹ್ಯಾಂಡ್‌ಬ್ರೇಕೂ ಹೋಯಿತು. ಲಿವರ್ ಇರುವ ಕ್ಯಾಲಿಪರ್ ಸಿಗುತ್ತದೆ. ಡಿಸ್ಕಿನ ನಡುವಿನ ಟೋಪಿಯಂಥ ಉಬ್ಬಿನೊಳಗೆ ಪುಟ್ಟ ಡ್ರಮ್ ಇರುವ ಮಾದರಿಯೂ ಇದೆ. ಭಾರದ ಗಾಡಿಗೆ ನನಗೆ ಎರಡನೆಯದೇ ಇಷ್ಟ. ಯಾಕೆ ಅಂದರೆ, ಘಾಟಿ ಇಳಿದು ಬಂದು ಕಾದ ಡಿಸ್ಕ್ ಮೇಲೆ ಲಿವರ್ ಎಳೆದು ನಿಲ್ಲಿಸಿದರೆ, ಡಿಸ್ಕ್ ತಣ್ಣಗಾಗುತ್ತಾ ಕುಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ, ಇಳಿಜಾರಿನಲ್ಲಿ ನಿಂತ ಗಾಡಿ ತಾನೇ ಹೊರಡುತ್ತದೆ. ಪೆಡಲ್ ಒತ್ತಡವನ್ನು ಲೈನಿನಲ್ಲಿ ಲಾಕ್ ಮಾಡಿ ಇಡುವ ವಾಲ್ವನ್ನು ಹ್ಯಾಂಡ್‌ಬ್ರೇಕ್ ಅಂತ ಯಾರಾದರೂ ಮಾರಿದರೆ ತಗೋಬೇಡಿ. ಒಂದು ಹನಿ ಸೋರಿದರೂ ಅದು ಬಿಡುತ್ತದೆ. ಚಿತ್ರದುರ್ಗದ ಜೋಗಿಮಟ್ಟಿಯಂಥ ಏರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಣ್ಣಗಾಗುವವರೆಗೆ ಕಾದು ನೋಡಿ. ಆಮೇಲೆಯೇ ನಂಬಿ.

ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಚಿತ್ರದುರ್ಗದ ಕೆಎ 16 ಇರಲಿ, ದಾವಣಗೆರೆಯ ಕೆಎ 17 ಇರಲಿ, ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಉತ್ತರವನ್ನು ಬರಹದಲ್ಲೇ ತಗೊಳ್ಳಿ. 50 ವರ್ಷ ದಾಟಿದ ಗಾಡಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ಬೇಕು ಅನ್ನುವವರು ಇನ್ನೊಮ್ಮೆ ಯೋಚಿಸಿ. ಅದು ಮೂಲ ರೂಪದಲ್ಲಿ ಉಳಿದ ಗಾಡಿಗೆ ಸಿಗುವ ನೋಂದಣಿ. ಅಂಥ ಗಾಡಿಯ ಡ್ರಮ್ ಮುಟ್ಟದಿರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬಿಚ್ಚಿದರೂ ಹಳೇ ಭಾಗ ಒಂದನ್ನೂ ಗುಜರಿಗೆ ಹಾಕಬೇಡಿ.

ಸಭೆಯಲ್ಲಿ ಒಬ್ಬರು ಕೇಳಿದರು: "ಎಲ್ಲ ಹಾಕಿ ಆಯ್ತು, ಸರಿ ಇದೆ ಅಂತ ಹೆಂಗೆ ಗೊತ್ತಾಗಬೇಕು ಸರ್?" ಒಳ್ಳೆ ಪ್ರಶ್ನೆ. ಜನ, ಗಾಡಿ ಇಲ್ಲದ ಖಾಲಿ ಒಣ ಜಾಗಕ್ಕೆ ಹೋಗಿ. ಮೊದಲು 20ರ ವೇಗ, ಆಮೇಲೆ 30, 40. ಪಕ್ಕದಲ್ಲಿ ದೂರ ನಿಂತ ಒಬ್ಬರು ಚಕ್ರಗಳನ್ನೇ ನೋಡುತ್ತಿರಲಿ. ಜೋರಾಗಿ ಒತ್ತಿದಾಗ ಮುಂದಿನ ಚಕ್ರ ಮೊದಲು ಲಾಕ್ ಆಗಬೇಕು. ಹಿಂದಿನದು ಮೊದಲು ಲಾಕ್ ಆದರೆ ವಾಲ್ವ್ ತಿರುಗಿಸಿ ಹಿಂದಿನ ಒತ್ತಡ ಇಳಿಸಿ. ಖಾಲಿ ಗಾಡಿಯಲ್ಲೂ ನೋಡಿ, ಸರಕು ಹೇರಿಯೂ ನೋಡಿ. ಹೊಸ ಪ್ಯಾಡ್ ಕೂರಲು 50ರಿಂದ 15ಕ್ಕೆ ಮೆಲ್ಲಗೆ ಹಲವು ಸಲ ಇಳಿಸಿ, ನಡುವೆ ಆರಲು ಬಿಡಿ. ಕಾದಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಕೊಂಡು ಕೂರಬೇಡಿ. 100 ಕಿ.ಮೀ. ಆದ ಮೇಲೆ ಬ್ರಾಕೆಟ್ ಬೋಲ್ಟ್, ವೀಲ್ ನಟ್ ಮತ್ತೆ ಬಿಗಿ ನೋಡಿ. 500 ಕಿ.ಮೀ.ಗೆ ಚಕ್ರ ಬಿಚ್ಚಿ ನಾಲ್ಕು ಪ್ಯಾಡ್ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಚಕ್ರದ ಒಳಗಿನ ಪ್ಯಾಡ್ ಜಾಸ್ತಿ ಸವೆದಿದ್ದರೆ ಕ್ಯಾಲಿಪರಿನ ಸ್ಲೈಡ್ ಪಿನ್ ಹಿಡಿದಿದೆ. ಓರೆಯಾಗಿ ಸವೆದಿದ್ದರೆ ಬ್ರಾಕೆಟ್ ಡೊಂಕಿದೆ, ಅದನ್ನು ಬಿಚ್ಚಿ ಮತ್ತೆ ಮಾಡಿಸಬೇಕು.